ಬಿತ್ತುವ ಕಡಲೆಯ ಪಲ್ಯ

ಅಕ್ಟೋಬರ್ 9, ಬುಧವಾರ

ಗದಗಿನಿಂದ ಸಂಜೆಯ ಬಸ್ಸು. ಸೀಟಿಲ್ಲ. ಮುಳಗುಂದದವರೆಗೂ ನಿಂತೇ ಬಂದೆ. ಇಡೀ ದಿನ ಬೋರ್ಡಿನ ಮುಂದೆ ನಿಂತವಳಿಗೆ ಇದೇನು ಮಹಾ. ನಾಳೆಯಿಂದ ದಸರಾ ರಜೆ, ಅಂದರೆ ಕಾಲೇಜಿನಿಂದ ಬಿಡುಗಡೆ, ಅಡುಗೆಮನೆಗೆ ವರ್ಗಾವಣೆ.

ಪಡಸಾಲೆಯಲ್ಲಿ ಬೀಜದ ಚೀಲಗಳು. ನನ್ನ ಗಂಡ ನಂದೀಶ ಹಿಂಗಾರಿಗೆ ಕಡಲೆ ಬೀಜ ತಂದಿದ್ದಾನೆ. ಪ್ರತಿವರ್ಷ ಮನೆಯದೇ ಬೀಜ. ಬೂದಿ, ಬೇವಿನೆಲೆ ಬೆರೆಸಿ ಅತ್ತೆ ಗಡಿಗೆಯಲ್ಲಿ ಕಾಯ್ದಿಡುತ್ತಿದ್ದರು. ಈ ಸಲ ಮಳೆಗೆ ಗೋಡೆ ಸೋರಿ ಎಲ್ಲಕ್ಕೂ ಬೂಸಲು. ಹಾಗಾಗಿ ಅಂಗಡಿ ಬೀಜ, ಔಷಧ ಸವರಿದ್ದು. ಪೆಪ್ಪರಮೆಂಟಿನಂಥ ಗುಲಾಬಿ ಬಣ್ಣ. ಚೀಲದ ಮೇಲೆ ಕೆಂಪಕ್ಷರ: ವಿಷ, ಆಹಾರಕ್ಕೆ ಬಳಸಬಾರದು.

ಅತ್ತೆ ಚೀಲದ ಬಾಯಿ ಬಿಚ್ಚಿ ಕೈಯಾಡಿಸಿದರು. “ಚಲೋ ಕಾಳು. ಶೀಗಿ ಹುಣ್ಣಿವಿ ಪಲ್ಯಾಕ ಒಂದ ಬೊಗಸಿ ತಗೀತೀನಿ.”

ಈ ಮನೆಯ ಕಟ್ಟಳೆ ಇದು. ಶೀಗಿ ಹುಣ್ಣಿಮೆಯೆಂದರೆ ಭೂಮಿತಾಯಿಯ ಸೀಮಂತ. ಊರವರೆಲ್ಲ ಹೊಲಕ್ಕೆ ಬುತ್ತಿ ಒಯ್ದು, ಎಡೆಯ ಒಂದು ಪಾಲನ್ನು ಹೊಲದ ಸುತ್ತ ಎರಚಿ ಚರಗ ಚೆಲ್ಲುತ್ತಾರೆ. ಅಲ್ಲಿ ನಮ್ಮ ಮನೆಯ ಬುತ್ತಿಗೆ ಒಂದು ಹೆಚ್ಚಿನ ಪಲ್ಯ — ಬಿತ್ತಲು ಇಟ್ಟ ಕಡಲೆಯದೇ. ಮೊದಲ ಚಮಚ ಭೂಮಿಗೆ. ಮನೆಯಲ್ಲಿ ಬಸುರಿ ಇದ್ದರೆ ಎರಡನೆಯದು ಅವಳಿಗೆ.

“ಅತ್ತಿ, ಅದಕ್ಕ ಔಷಧ ಹಚ್ಚ್ಯಾರ್ರಿ. ತಿನ್ನೂದಲ್ಲ.”

“ತಿನ್ನೂದಲ್ಲಂದ್ರ ಬಿತ್ತೂದ್ಯಾಕ? ಬೆಳದಿದ್ದನ್ನ ಗ್ವಾಡಿಗೆ ಬಡೀತೀವೇನು?”

ಕಾಲೇಜಿನಲ್ಲಿ ಬೀಜಗಣಿತ ಕಲಿಸುತ್ತೇನೆ. ಮನೆಯಲ್ಲಿ ಬೀಜದ ವಿಷಯಕ್ಕೆ ನನಗೆ ಸೊನ್ನೆ.

“ಹಂಗಾರ ಪಲ್ಯಾದ ಮ್ಯಾಲೆ ಕೊತ್ತಂಬರಿ ಬದಲಿ ಈ ಲೇಬಲ್ ಉದುರಿಸೂಣ್ರಿ,” ಎಂದೆ.

ನಂದೀಶ ನಕ್ಕ. ಅತ್ತೆಯೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು. ನಗಿಸಬಾರದಿತ್ತು.

ಅಕ್ಟೋಬರ್ 11, ಶುಕ್ರವಾರ

ಸುನಿತಾ ಬಂದಳು. ನಂದೀಶನೇ ಮುಂಡರಗಿಗೆ ಹೋಗಿ ತಂಗಿಯನ್ನು ಕಾರಿನಲ್ಲಿ ಕರೆತಂದ. ಏಳು ತಿಂಗಳು. ಇಳಿಯುವಾಗ ಒಂದು ಕೈ ಬಾಗಿಲಿಗೆ, ಒಂದು ಕೈ ಹೊಟ್ಟೆಗೆ.

“ಬಾರವಾ, ಒಬ್ಬಾಕಿ ಹೋಗಿ ಒಂದೂವರಿ ಆಗಿ ಬಂದಿ,” ಎಂದೆ.

“ವೈನಿ, ನಗಸಬ್ಯಾಡ್ರಿ. ನಕ್ಕರ ಒಳಗ ಒದೀತೈತಿ.”

ಒದೆಯಲಿ. ಎರಡು ಸಲ ಅವಳ ಬಸುರು ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಬಂದವಳು ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ನಾನು ಹಾರಿಸಿದ ಚಟಾಕಿಗಳೆಲ್ಲ ಮಳೆಯಲ್ಲಿ ತೊಯ್ದ ಪಟಾಕಿ.

ಊಟದ ಹೊತ್ತಿಗೆ ಹುಣ್ಣಿಮೆಯ ಬುತ್ತಿಯ ಜಗಳ. ನಂದೀಶನಿಗೆ ಬದನೆಕಾಯಿ ಎಣಗಾಯಿ ಬೇಕು, ಅದೂ ಎಣ್ಣೆ ತೇಲುವಂಥದ್ದು. ಸುನಿತಾಗೆ ಪುಂಡಿಪಲ್ಯ. ನನಗೆ ಕೆಂಪು ಖಾರ, ಬೆಣ್ಣೆ, ಸಜ್ಜೆ ರೊಟ್ಟಿ. ಅಷ್ಟಿದ್ದರೆ ಹೋಳಿಗೆಯನ್ನು ಶತ್ರುಗಳಿಗೆ ಬಿಟ್ಟುಕೊಟ್ಟೇನು.

“ಎಲ್ಲಾ ಮಾಡೂಣು,” ಎಂದರು ಅತ್ತೆ. “ಆದರ ಕಡ್ಲಿಪಲ್ಯ ಮೊದಲು. ಈ ಸಲ ಆಕಿ ಇಲ್ಲೇ ಅದಾಳ.”

ಮಗಳ ತಲೆಯ ಮೇಲೆ ಕೈ ಇಟ್ಟೇ ಹೇಳಿದರು. ಕೈ ತೆಗೆಯಲಿಲ್ಲ. ರೊಟ್ಟಿ ಆರಿತು.

ಅಕ್ಟೋಬರ್ 12, ಶನಿವಾರ

ಬನ್ನಿ ಕೊಟ್ಟು ಬಂಗಾರದಂಗಿರೋಣ ಅನ್ನುವ ದಿನ. ಪಕ್ಕದ ಮನೆಯ ದಾವಲಬಿ ಬಂದಳು — ಬನ್ನಿಗಲ್ಲ. ಸೆರಗಿನ ಕೆಳಗೆ ಬುಟ್ಟಿ. ಬುಟ್ಟಿಯಲ್ಲಿ ಎರಡು ಕೋಳಿ, ಸತ್ತವು.

“ಅಕ್ಕಾವ್ರ, ನಿಮ್ಮ ಕಟ್ಟಿ ಮುಂದ ಕಾಳು ಚೆಲ್ಲಿತ್ತಲ್ರಿ, ಗುಲಾಬಿವು. ಮುಂಜಾನಿ ತಿಂದಾವ. ಮಧ್ಯಾಹ್ನ ಕುತಗಿ ವಾಲಿಸಿಕೊಂಡು ಕುಂತುವು. ಆಮ್ಯಾಲ ಏಳಲಿಲ್ಲ.”

ಚೀಲ ಇಳಿಸುವಾಗ ಉದುರಿದ್ದಿರಬೇಕು. ಕ್ಷಮೆ ಕೇಳಿದೆ. ದಾವಲಬಿ ಜಗಳಕ್ಕೆ ಬಂದವಳಲ್ಲ, ಎಚ್ಚರಿಸಿ ಹೋಗಲು ಬಂದವಳು. “ಮನ್ಯಾಗ ಎರಡ ಜೀವದಾಕಿ ಅದಾಳ. ಕೈಗೀಯಿಗೆ ಹತ್ತೀತು, ನೋಡ್ಕೋರಿ.”

ಸುನಿತಾ ಒಳಗಿನಿಂದ ಕೇಳಿಸಿಕೊಂಡಳು. ಅತ್ತೆಯೂ. “ಕೋಳಿ ತೊಳದು ತಿಂತಾವೇನು? ನಾವು ತೊಳೀತೀವಿ,” ಎಂದು ಎಣ್ಣೆ ಬುಡ್ಡಿ ಒರೆಸುತ್ತ ಕುಳಿತರು.

ಇದಕ್ಕೊಂದು ಚಟಾಕಿ ತಯಾರಿತ್ತು. ನುಂಗಿದೆ.

ಅಕ್ಟೋಬರ್ 14, ಸೋಮವಾರ

ನಂದೀಶನನ್ನು ಹಿತ್ತಲಿಗೆ ಕರೆದು ಹೇಳಿದೆ. ಎದುರಾಗಿ, ನೇರವಾಗಿ: ನಿಮ್ಮವ್ವ ಆ ಕಾಳಿನ ಪಲ್ಯ ಮಾಡಬಾರದು, ಸುನಿತಾ ತಿನ್ನಬಾರದು.

“ತೊಳದರ ಹೋಗತೈತಿ ಬಿಡ. ಅವ್ವ ಮಜ್ಜಿಗಿ ಹಾಕಿ ತಿಕ್ಕತಾಳ.”

“ಸಾಯತಾರ ನಂದೀಶ.”

“ಮೊನ್ನಿ ಉಪ್ಪಿಟ್ಟು ತಿಂದಾಗೂ ಇದ ಅಂದಿದ್ದಿ.”

“ಅದು ಚಾಷ್ಟಿ, ನಗಸಾಕ ಅಂದಿದ್ದು.”

“ನೀ ಆಡೂ ಮಾತೆಲ್ಲ ಅರ್ಧ ಚಾಷ್ಟಿ. ಯಾವ ಅರ್ಧ ಅಂತ ನನಗ ಹ್ಯಾಂಗ ತಿಳೀಬೇಕು?”

ಹೋದ. ಟ್ರ್ಯಾಕ್ಟರಿಗೆ ಡೀಸೆಲ್ ಬೇಕಿತ್ತಂತೆ.

ಮಧ್ಯಾಹ್ನ ಅತ್ತೆಯ ಎದುರು ಕುಳಿತೆ. ಗುರೆಳ್ಳು ಹುರಿಯುತ್ತಿದ್ದರು. ಡಬ್ಬಿಯ ಕಡಲೆಯಲ್ಲೇ ಮಾಡೋಣ, ಅದೂ ನಮ್ಮ ಹೊಲದ್ದೇ ಅಲ್ಲವೇ ಎಂದೆ. ಸೌಟು ಆಡಿಸುತ್ತಲೇ ಹೇಳಿದರು.

“ಮೊದಲನೇ ಸಲ ಆಕಿ ಹುಣ್ಣಿವಿಗೆ ಬರಲಿಲ್ಲ. ಗಂಡನ ಮನ್ಯಾಗ ಹಬ್ಬ ಅಂದ್ಲು. ಎರಡನೇ ಸಲ ಬಸ್ಸಿನ ದಣಿವು ಬ್ಯಾಡ ಅಂತ ನಾನ ಬರಬ್ಯಾಡ ಅಂದೆ.” ಸೌಟು ನಿಂತಿತು. “ನಾನ ಅಂದೆ, ಕಾಂಚನಾ. ನೀ ನಂದೀಶನ್ನ ಕೇಳು. ಎರಡೂ ಸಲ ಆಕಿ ಬಾಯಿಗೆ ಬಿತ್ತೂ ಕಾಳು ಬಿದ್ದಿಲ್ಲ. ಡಬ್ಬಿ ಕಾಳು ಕುದಿಸಿ ತಿನ್ನೂದು, ಬಿತ್ತೂದಲ್ಲ. ಭೂಮಿಗೆ ಒಂದು, ಮಗಳಿಗೆ ಒಂದು ಕೊಟ್ಟು ಮೋಸ ಮಾಡಲೇನು?”

ಇದಕ್ಕೆ ಎದುರು ಯಾವ ಪ್ರಮೇಯ ಬರೆಯಲಿ? ಈ ಮನೆಯಲ್ಲಿ ನಾನು ‘ಅತ್ತೆ’ ಎಂದರೆ ಅವರನ್ನು ಕರೆದೆ ಎಂದುಕೊಳ್ಳುತ್ತಾರೆ. ಇವತ್ತು ನಿಜಕ್ಕೂ ಅತ್ತೆ. ಗುರೆಳ್ಳಿನ ಹೊಗೆ ಎಂದುಕೊಂಡರು.

ಅಕ್ಟೋಬರ್ 16, ಬುಧವಾರ

ಕೆಲಸ ಆಯಿತು.

ಬೆಳಿಗ್ಗೆ ಅತ್ತೆ ಚೀಲದಿಂದ ಬೊಗಸೆ ತುಂಬ ತೆಗೆದು ಬೂದಿ ಹಚ್ಚಿ ತಿಕ್ಕಿದರು, ಮಜ್ಜಿಗೆಯಲ್ಲಿ ಅದ್ದಿದರು, ನೀರು ತಿಳಿಯಾಗುವವರೆಗೂ ತೊಳೆದರು. ಗುಲಾಬಿ ಬಣ್ಣ ಬಚ್ಚಲಿಗೆ ಹರಿದು ಹೋಯಿತು. ಕಾಳು ಮಾಮೂಲು ಕಡಲೆಯಂತೆಯೇ ಕಂದಾಗಿ, ಸಭ್ಯವಾಗಿ ಕುಳಿತಿತು. ಅದನ್ನು ನೋಡಿ ಹೆಚ್ಚು ಹೆದರಿದೆ. ಬಣ್ಣವಿದ್ದಾಗ ಕಡೇಪಕ್ಷ ಹೇಳಿಕೊಳ್ಳುತ್ತಿತ್ತು.

ಹಿತ್ತಾಳೆ ಚರಿಗೆಯಲ್ಲಿ ನೆನೆಯಿಟ್ಟರು. ನಾನೂ ಡಬ್ಬಿಯ ಕಡಲೆ ಅಷ್ಟೇ ನೆನೆಹಾಕಿ ಕಪಾಟಿನಲ್ಲಿ, ಸೀರೆಗಳ ಹಿಂದೆ ಇಟ್ಟೆ. ಸಂಜೆ ಅತ್ತೆ ಮಠಕ್ಕೆ ಹೋದರು. ಚರಿಗೆ ಬಸಿದು ನನ್ನ ಕಾಳು ತುಂಬಿದೆ. ಅವರ ಕಾಳನ್ನು ಹಿತ್ತಲಲ್ಲಿ ಆಳಕ್ಕೆ ಹೂತು ಮೇಲೆ ಕಲ್ಲಿಟ್ಟೆ. ದಾವಲಬಿಯ ಉಳಿದ ಕೋಳಿಗಳಾದರೂ ಬದುಕಲಿ.

ಅತ್ತೆ ಬಂದರು. ಚರಿಗೆಯಲ್ಲಿ ಕೈಯಾಡಿಸಿದರು. ಒಂದು ಕಾಳು ಎತ್ತಿ ಬೆರಳ ನಡುವೆ ಹಿಸುಕಿದರು. ನನ್ನತ್ತ ನೋಡಿದರು.

“ಚಲೋ ನೆನದಾವ,” ಎಂದರು.

ಅಷ್ಟೇ. ಚರಿಗೆ ಮುಚ್ಚಿಟ್ಟರು.

ಅಕ್ಟೋಬರ್ 17, ಗುರುವಾರ. ಸಂಜೆ

ಹೊಲದಿಂದ ಈಗ ಬಂದೆವು. ಎಲ್ಲ ಚೆನ್ನಾಗಿ ಆಯಿತು. ಬರೆದಿಡಬೇಕು.

ನಾನೇಳುವ ಹೊತ್ತಿಗೆ ಅಡುಗೆಮನೆಯಲ್ಲಿ ಅರ್ಧ ಬುತ್ತಿ ತಯಾರು; ಅತ್ತೆ ಯಾವಾಗ ಎದ್ದಿದ್ದರೋ. ಕಡಲೆಪಲ್ಯ ಆಗಲೇ ಮುಚ್ಚಿಟ್ಟಾಗಿತ್ತು. ಟ್ರ್ಯಾಲಿಯಲ್ಲಿ ಜಮಖಾನೆ, ಬುಟ್ಟಿಗಳು, ಸುನಿತಾಗೆ ದಿಂಬು. ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ. ಎಡೆ. ನಂದೀಶ ಹೊಲದ ಸುತ್ತ ಕೂಗುತ್ತ ಚರಗ ಚೆಲ್ಲಿ ಬಂದ. ಚರಗ ಚೆಲ್ಲುವ ಮನೆಗೆ ಚೆಲ್ಲುಚೆಲ್ಲು ಸೊಸೆ ಸಿಕ್ಕಳೆಂದು ಅತ್ತೆ ನನ್ನನ್ನು ಆಡಿಕೊಳ್ಳುತ್ತಿದ್ದರು, ಮದುವೆಯಾದ ಹೊಸತರಲ್ಲಿ. ಇವತ್ತೂ ಅಂದರು. ಪ್ರೀತಿಯಿಂದಲೇ.

ಅತ್ತೆ ಮೊದಲ ಚಮಚವನ್ನು ಮಣ್ಣಿಗಿಟ್ಟರು. ಎರಡನೆಯದು ಸುನಿತಾಳ ಎಲೆಗೆ. ಎಡೆಗೆ ಮುಂಚೆ ಯಾರೂ ರುಚಿ ನೋಡುವಂತಿಲ್ಲ, ಅವಳು ತಿನ್ನುವವರೆಗೆ ಉಳಿದವರೂ ಮುಟ್ಟುವಂತಿಲ್ಲ. ಸುನಿತಾ ಕೈ ಇಡಲಿಲ್ಲ. ಪುಂಡಿಪಲ್ಯ ಬೆರಳಿನಿಂದ ಸರಿಸುತ್ತ ಕುಳಿತಳು. ಅತ್ತೆ ನೀರು ತರಲು ಎದ್ದಾಗ ನನ್ನ ಕಿವಿಯ ಹತ್ತಿರ ಬಾಗಿದಳು.

“ವೈನಿ, ನನಗ ಆ ಕೋಳಿ ಕಣ್ಣಿಗೆ ಕಟ್ಟ್ಯಾವ. ಅವ್ವಗ ಹ್ಯಾಂಗ ಒಲ್ಲೆ ಅನ್ನಲಿ?”

“ತಿನ್ನು. ನಾ ಕಾಳು ಬದಲಿ ಮಾಡೀನಿ. ಇದು ಡಬ್ಬಿ ಕಡ್ಲಿ.”

“ಚಾಷ್ಟಿ ಮಾಡ್ತೀರೇನು?”

“ನನ್ನ ಮಾರಿ ನೋಡು. ನಗಾಕತ್ತೀನೇನು?”

ನೋಡಿದಳು. ಆಮೇಲೆ ತಿಂದಳು. ಗುರೆಳ್ಳು, ಬೆಲ್ಲ, ಹುಣಸೆ ಹದವಾಗಿ ಕೂಡಿದ್ದವು. ಇನ್ನೊಂದು ಸಲ ಹಾಕಿಸಿಕೊಂಡಳು. ಅತ್ತೆ ಮಗಳ ಬಾಯಿಯನ್ನೇ ನೋಡುತ್ತ ನಿಂತಿದ್ದರು, ಕೈಯಲ್ಲಿ ನೀರಿನ ಕೊಡ. ಕಣ್ಣು ತುಂಬಿದ್ದವು. ಆಮೇಲೆ ನಾವೂ ಒಂದೊಂದು ಚಮಚ.

ಈ ಮನೆಯಲ್ಲಿ ನನ್ನ ಒಂದು ಮಾತನ್ನು ಒಬ್ಬರು ಪೂರ್ತಿ ನಂಬಿದರು. ದಾಖಲಾಗಲಿ.

ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಸುನಿತಾ ವಾಂತಿ ಮಾಡಿದಳು. ಬಿಸಿಲು, ಟ್ರ್ಯಾಲಿಯ ಕುಲುಕಾಟ. ಬಂದ ತಕ್ಷಣ ಮಲಗಿದ್ದಾಳೆ. ನನಗೂ ತಲೆ ಭಾರ. ಬಿಸಿಲೇ ಇರಬೇಕು.

ಅಕ್ಟೋಬರ್ 18, ಶುಕ್ರವಾರ. ಬೆಳಿಗ್ಗೆ

ಅತ್ತೆ ನಾಷ್ಟಾಕ್ಕೆ ಕರೆದರು. ತಾಟಿನಲ್ಲಿ ಉಸಳಿ. ಕಡಲೆಯದು.

ನಿನ್ನೆಯ ಪಲ್ಯವನ್ನೇ ಬಿಸಿ ಮಾಡಿದ್ದೀರಾ ಎಂದು ಕೇಳಿದೆ.

“ಅಲ್ಲ. ಇದು ನಿನ್ನ ಕಾಳು.”

ತಾಟು ಕೆಳಗಿಟ್ಟೆ.

“ಬೀಜದ ಕಾಳು ನೆನದರೂ ಬೆರಳಿಗೆ ಬಿಗಿ ಇರತೈತಿ. ನೀ ತುಂಬಿಟ್ಟಿದ್ದು ಮೆತ್ತಗ. ಹಿಸುಕಿದ ಕೂಡಲೆ ತಿಳೀತು.” ಬೈಯುವ ದನಿಯಲ್ಲ. ಮಗುವಿನ ತುಂಟತನ ಹೇಳುವಂತೆ. “ಚೀಲದಾಗಿಂದ ಮತ್ತ ತಗೊಂಡು ಬಿಸಿನೀರಾಗ ನೆನಸಿದೆ. ಹೊತ್ತು ಇರಲಿಲ್ಲ, ಮಜ್ಜಿಗಿ ಹಾಕಾಕ ಆಗಲಿಲ್ಲ. ನೀ ಅಂಜಿ ಮಾಡೀದಿ ಅಂತ ಸುಮ್ಮನಿದ್ದೆ. ನಿನ್ನ ಕಾಳು ಯಾಕ ಚೆಲ್ಲಬೇಕು, ಉಸಳಿ ಮಾಡೀನಿ. ತಿನ್ನು.”

“ತೊಳದ್ರಿ?”

“ತೊಳದೆ. ಒಂದೆರಡ ಸಲ.”

ಎದ್ದು ಸುನಿತಾಳ ಕೋಣೆಗೆ ಓಡಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಲೆದಿಂಬು ಜೊಲ್ಲಿನಿಂದ ತೊಯ್ದಿತ್ತು. ಅಲುಗಾಡಿಸಿದೆ. ಕಣ್ಣು ತೆರೆದಳು.

“ಭಾಳ ನಿದ್ದಿ ಬರಾಕತ್ತೈತಿ ವೈನಿ. ಇದಕ್ಕೂ.” ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ನಿನ್ನಿ ಸಂಜಿಯಿಂದ ಸುಮ್ಮನ ಮಲಗೇತಿ. ಉಂಡಿದ್ದು ಹೆಚ್ಚಾಗಿರಬೇಕು.”

ನಂದೀಶ ಕಾರು ತೆಗೆಯುತ್ತಿದ್ದಾನೆ. ಅವನಿಗೆ ಕೂಗಿ ಹೇಳಿದೆ. ಈ ಸಲ ಯಾವ ಅರ್ಧ ಎಂದು ಕೇಳಲಿಲ್ಲ.

ಗದಗ. ಮಧ್ಯಾಹ್ನ

ಬೀರುವಿನ ಮುಂದಿದ್ದ ಕಾಲೇಜಿನ ಬ್ಯಾಗು ಎತ್ತಿಕೊಂಡು ಬಂದಿದ್ದೆ, ದುಡ್ಡು ಇದೆಯೆಂದು. ಡೈರಿಯೂ ಇದೆ. ಕೈಗೆ ಏನಾದರೂ ಬೇಕು.

ಬೀಜಕ್ಕೆ ಯಾವ ಔಷಧ ಸವರಿದ್ದು ಎಂದು ಡಾಕ್ಟರು ಕೇಳಿದರು. ಚೀಲದ ಫೋಟೋ ಕಳಿಸೆಂದು ನಂದೀಶ ದಾವಲಬಿಗೆ ಫೋನು ಮಾಡಿದ. ಕಳಿಸಿದಳು. ಡಾಕ್ಟರು ಫೋಟೋ ದೊಡ್ಡದು ಮಾಡಿ ಓದಿದರು. ನರ್ಸಿಗೆ ಏನೋ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಒಳಗೆ ಹೋದರು.

ಒಳಗೆ ಒಯ್ಯುವಾಗ ಸುನಿತಾ ನನ್ನ ಬೆರಳು ಹಿಡಿದಿದ್ದಳು. “ಪಲ್ಯಾದ್ದಲ್ಲ ಬಿಡ್ರಿ, ಅದನ್ನ ನೀವ ಬದಲಿ ಮಾಡಿದ್ರಲ್ಲ. ಡಾಕ್ಟರಿಗೆ ಹೇಳ್ರಿ. ಸುಮ್ಮನ ಅವ್ವನ್ನ ಬೈತಾರ.”

ಹೂಂ ಎಂದೆ. ನಗದೆ ಎಂದೆ. ಮತ್ತೆ ನಂಬಿದಳು.

ಪರದೆಯಾಚೆ ಮಗುವಿನ ಎದೆಬಡಿತ ಹುಡುಕುವ ಮಶೀನು. ಗರಗರ. ಜಾಗ ಬದಲಿಸಿದರು. ಮತ್ತೆ ಗರಗರ. “ಎಡಕ್ಕ ಹೊಳ್ಳವಾ” ಎಂದರು. ಗರಗರ.

ಅತ್ತೆ ಬೆಂಚಿನ ಮೇಲೆ ನನಗೆ ಅಂಟಿ ಕುಳಿತಿದ್ದಾರೆ. ಎರಡೂ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದವರು ಈಗ ನನ್ನ ಮೊಣಕೈ ಹಿಡಿದರು.

“ಏನರ ಅನ್ನ ಕಾಂಚನಾ. ದಿನಾ ಅಂತೀಯಲ್ಲ. ಆಕಿಗೆ ಒಳಗ ಕೇಳೂ ಹಂಗ, ನಗೂ ಹಂಗ ಏನರ ಅನ್ನ. ಆಕಿ ನಕ್ಕರ ಒದೀತೈತಿ ಅಂದಿದ್ಲು.”

ಬಾಯಿ ತೆರೆದೆ.

ಗರಗರ ನಿಂತಿದೆ. ಡಾಕ್ಟರು ಮಶೀನಿನ ದನಿ ಏರಿಸುತ್ತಿದ್ದಾರೋ, ಇಲ್ಲ ಆರಿಸಿಬಿಟ್ಟರೋ, ಪರದೆಯ ಈಚೆಗೆ ತಿಳಿಯುತ್ತಿಲ್ಲ.