ಉಜ್ಜಿ ಹೋದ ಹುಳುಗಳು

ಅಕ್ಕಾ,

ಕ್ಷೇಮವೆಂದು ಬರೆಯಲು ಕೂತೆ, ಸಿಟ್ಟು ಬಿಡುತ್ತಿಲ್ಲ. ಮರದಿಂದ ಸೋರಿ ಕಲ್ಲಾದ ಅಂಟನ್ನು ಉಜ್ಜಿ ಉಂಗುರದ ಹರಳು ಮಾಡುವುದು ಇಲ್ಲಿ ನನ್ನ ಕೆಲಸ. ನಿನ್ನೆ ಒಂದರೊಳಗೆ ಎಳ್ಳಿಗಿಂತ ಸಣ್ಣ, ರೆಕ್ಕೆಯಿಲ್ಲದ ಐದು ಮಣ್ಣುಹುಳುಗಳು ಗೆದ್ದಲಿನ ಬೆನ್ನೇರಿ ಸಾಲಾಗಿ ಕೂತಿದ್ದವು. ಒಂದರ ಮೀಸೆಯೂ ಮುಕ್ಕಾಗಿರಲಿಲ್ಲ. ಮಾಲೀಕನಿಗೆ ತೋರಿಸಿದೆ.

“ಕಸ ಕಣಮ್ಮ ಅದು, ಉಜ್ಜಿ ತೆಗಿ,” ಅಂದ.

“ಕೋಟಿ ವರ್ಷ ಹಳೆಯದು” ಎಂದು ಬಾಗಿಲಿಗೆ ಬೋರ್ಡು ಹಾಕಿಸಿದವನೂ ಅವನೇ! ಅವನ ಬಾಯಿಗೆ ಮಣ್ಣು ಹಾಕ. ಅರ್ಧ ಗಂಟೆಯಲ್ಲಿ ಐದನ್ನೂ ಈ ಕೈಯಿಂದಲೇ ಪುಡಿ ಮಾಡಿದೆ. ಆ ಪುಡಿಯಿಂದ ನನಗೆ ಕೆಮ್ಮು ಹಿಡಿದಿದೆ, ಗಾಬರಿಯಾಗಬೇಡ.

ಇವತ್ತು ಇನ್ನೊಂದು ಹರಳಿನಲ್ಲಿ ಒಂಟಿ ಹುಳು ಸಿಕ್ಕಿದೆ. ಮಾಲೀಕ ಇತ್ತಲೇ ಬರುತ್ತಿದ್ದಾನೆ. ಈ ಸಲವೂ ಉಜ್ಜು ಅಂದರೆ ಉಪ್ಪುಕಾಗದವನ್ನು ಅವನ ಮುಖಕ್ಕೇ ಎಸೆಯುತ್ತೇನೆ.

ಅಲ್ಲಿರುವ ನನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿಡು, ಬೇಕಾದೀತು.

ನಿನ್ನ ತಂಗಿ