ಉದ್ಘಾಟನೆಯಾಗದ ನೀರು

ಬಾಗಲೂರು ಬಳಿ
೧೯ ಮೇ ೨೦೧೫

ಪ್ರೀತಿಯ ಧನಲಕ್ಷ್ಮಕ್ಕನಿಗೆ ರಾಧಾಮಣಿಯ ನಮಸ್ಕಾರ.

ನಾಗಸಂದ್ರದಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಫೋನು ಮಾಡೋಣವೆಂದರೆ ಇವರು ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಕಾಗದ. ಅಕ್ಕಾ, ನನಗೆ ತುಂಬಾ ಭಯವಾಗಿದೆ.

ನಮ್ಮ ಬೀದಿಯಲ್ಲಿ ಏಳು ಮಕ್ಕಳಿಗೆ ವಾಂತಿ ಭೇದಿ. ನಲ್ಲಿ ನೀರಿಗೆ ಚರಂಡಿ ಸೇರಿದೆ. ಪಕ್ಕದ ಮನೆ ಫರೀದಾಳ ಮೂರು ವರ್ಷದ ಸುಮೈರಾಳನ್ನು ಯಲಹಂಕದ ಆಸ್ಪತ್ರೆಗೆ ಸೇರಿಸಿ ಎರಡು ದಿನವಾಯಿತು. ಮಗುವಿನ ಕಣ್ಣು ಗುಳಿ ಬಿದ್ದಿದೆ, ಡ್ರಿಪ್ ಹಾಕಲು ನರವೇ ಸಿಗಲಿಲ್ಲವಂತೆ.

ಶುದ್ಧ ನೀರಿನ ಘಟಕ ಕಟ್ಟಿ ತಿಂಗಳಾಯಿತು. ಇನ್ನೇನು ಟೇಪು ಕತ್ತರಿಸಬೇಕು, ಪಂಚಾಯ್ತಿ ಎಲೆಕ್ಷನ್ ಬಂತು. ನೀತಿ ಸಂಹಿತೆ ಇರುವಾಗ ಉದ್ಘಾಟನೆ ಮಾಡುವ ಹಾಗಿಲ್ಲ, ಉದ್ಘಾಟನೆಯಾಗದೆ ನೀರು ಬಿಡುವ ಹಾಗಿಲ್ಲ ಅನ್ನುತ್ತಾರೆ ಮೆಂಬರ್ ರಾಮಕೃಷ್ಣಪ್ಪ. ಓಟು ಕೇಳಲು ಬಂದಾಗ ಹೆಂಗಸರೆಲ್ಲ ಅಡ್ಡ ಹಾಕಿದೆವು. "ಇನ್ನೊಂದು ಹದಿನೈದು ದಿನ ಕಣಮ್ಮಾ, ಗೆದ್ದ ಮಾರನೇ ದಿನಾನೇ ಬಿಡಿಸ್ತೀನಿ" ಅಂದು ಕೈಮುಗಿದು ಹೋದರು. ಹದಿನೈದು ದಿನ ಸುಮೈರಾ ತಡೆಯುತ್ತಾಳಾ? ಮಷೀನು ಕೆಡಬಾರದೆಂದು ನಮ್ಮ ಯಜಮಾನರು ದಿನಾ ಬೆಳಿಗ್ಗೆ ಅದನ್ನು ಓಡಿಸಿ, ಒಳ್ಳೆ ನೀರನ್ನೆಲ್ಲ ಮೋರಿಗೆ ಬಿಟ್ಟು ಬೀಗ ಹಾಕಿ ಬರುತ್ತಾರೆ. ನೀತಿ ಸಂಹಿತೆ ನಮಗೆ ಮಾತ್ರ, ಮೋರಿಗಿಲ್ಲ. ಇವರ ವಾಟರ್‌ಮ್ಯಾನ್ ಕೆಲಸ ಇನ್ನೂ ಕಾಯಂ ಆಗಿಲ್ಲ, ಮೆಂಬರ್ ಮಾತು ಮೀರುವ ಧೈರ್ಯ ಎಲ್ಲಿಂದ ಬರಬೇಕು.

ಘಟಕದ ಎರಡನೇ ಬೀಗದ ಕೈ ನಮ್ಮ ಮನೆಯಲ್ಲಿದೆ. ಯಾರಾದರೂ ಬಂದು ಕೇಳಿದರೆ ಏನು ಮಾಡಲಿ? ಇದೇ ಕವರಿನಲ್ಲಿ ಕಳಿಸುತ್ತಿದ್ದೇನೆ, ಓಟಿನ ಎಣಿಕೆ ಮುಗಿಯುವವರೆಗೆ ನಿನ್ನ ಹತ್ತಿರ ಇರಲಿ. ನಮ್ಮ ಪಾಪು ಹುಷಾರಾಗಿದ್ದಾನೆ, ಅವನ ಚಿಂತೆ ಬೇಡ.

ನಿನ್ನ ತಂಗಿ,
ರಾಧಾಮಣಿ

ತಾ.ಕ.: ಅಂಟಿಸಿದ್ದ ಕವರನ್ನು ಮತ್ತೆ ಒಡೆದೆ. ಪಾಪು ಒಬ್ಬನೇ ಹೇಗೆ ಹುಷಾರಾಗಿದ್ದಾನೆ ಅಂತ ನೀನು ಕೇಳೇ ಕೇಳುತ್ತೀಯ. ಹತ್ತು ದಿನದಿಂದ ಆ ಬೀಗ ತೆಗೆದು, ಬಕೆಟ್ಟಿನಲ್ಲಿ ಒದ್ದೆ ಬಟ್ಟೆಯ ಕೆಳಗೆ ಕ್ಯಾನು ಮುಚ್ಚಿಟ್ಟು, ಅವನೊಬ್ಬನಿಗೆ ನೀರು ತಂದಿದ್ದೇನೆ. ಇವರಿಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಫರೀದಾ ಕೇಳಿದಳು, "ರಾಧಕ್ಕಾ, ನಿಮ್ ಪಾಪುಗೆ ಏನ್ ನೀರ್ ಕೊಡ್ತೀರ?" ಕಾಯಿಸಿ ಕೊಡ್ತೀನಿ ಅಂದುಬಿಟ್ಟೆ. ತನ್ನ ಮನೆಯಲ್ಲಿ ಒಂದು ದಿನ ಗ್ಯಾಸು ಮುಗಿದು ಕಾಯಿಸಲಾಗಲಿಲ್ಲ, ಎಲ್ಲ ತನ್ನಿಂದಲೇ ಆಯಿತು ಅಂತ ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು.

ಬೀಗದ ಕೈ ಕಳಿಸುತ್ತಿಲ್ಲ ಅಕ್ಕಾ. ಬೆಳಿಗ್ಗೆ ಬೀದಿಯವರನ್ನೆಲ್ಲ ಬಿಂದಿಗೆ ತರಲು ಕರೆಯುತ್ತೇನೆ. ಇವರ ಕೆಲಸ ಹೋಗುವ ಭಯ ಇದೆ. ಆದರೆ ಅದಕ್ಕೂ ಮೊದಲು ಆಸ್ಪತ್ರೆಗೆ ಹೋಗಿ ಫರೀದಾಳಿಗೆ ನಿಜ ಹೇಳಬೇಕು, ಆ ಭಯವೇ ಹೆಚ್ಚು.