ಲೈಟ್ ರೇಲಿನ ಕಲ್ಲು

೪ ನವೆಂಬರ್ ೨೦೨೪, ಸೋಮವಾರ

ಅಂಗನವಾಡಿಗೆ ಮೊಟ್ಟೆ ಇವತ್ತೂ ಬರಲಿಲ್ಲ. ಗಾಡಿ ಕೆಟ್ಟಿದೆ ಎಂದು ಫೋನ್. ನಾನು ರಜೆಯಲ್ಲಿದ್ದಾಗ ಮಾತ್ರ ಗಾಡಿ ಚೆನ್ನಾಗಿ ಓಡಿದೆ, ಟ್ರೇಗಳೂ ಬಂದಿವೆ. ಮಕ್ಕಳನ್ನು ಕೇಳಿದರೆ ತಿಂದಿಲ್ಲ ಅನ್ನುತ್ತವೆ. ಸಹಾಯಕಿ ನೆಲ ನೋಡುತ್ತಾಳೆ. ಇರಲಿ, ವಿಚಾರಿಸಿಕೊಳ್ಳುತ್ತೇನೆ.

ಕೊಣ್ಣೂರಿನಲ್ಲಿ ಅವ್ವನ ಕಣ್ಣಿನ ಆಪರೇಶನ್ ಮುಗಿಸಿಕೊಂಡು ನಿನ್ನೆ ಬಂದೆ. ನಾನು ಊರಲ್ಲಿ ಇಲ್ಲದಾಗಲೇ ಎಲ್ಲ ಆಗಬೇಕು. ಲೈಟ್ ರೇಲಿನ ಮೋಜಣಿಯವರು ಬಂದು ಹೊಲ ಅಳೆದು ಕಲ್ಲು ನೆಟ್ಟು ಹೋಗಿದ್ದಾರೆ. ಶಹರದ ರೇಲು ಇನ್ನು ನರಗುಂದದ ಗುಡ್ಡದ ಬುಡದ ತನಕ ಬರುತ್ತದಂತೆ. ಯಾರ ಹೊಲದಲ್ಲಿ ಹಳಿ ಬೀಳುತ್ತದೋ ಆ ಮನೆಗೊಂದು ನೌಕರಿ — ಪೇಟೆಯ ತುಂಬ ಇದೇ ಮಾತು.

ನನ್ನ ರೇಷ್ಮಾ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಝೆರಾಕ್ಸ್ ಅಂಗಡಿಯಲ್ಲಿ ಕೂತಿದ್ದಾಳೆ. ಆ ನೌಕರಿ ಅವಳಿಗೆ ಸಿಗಬೇಕು. ನನಗೆ ಬೇರೇನೂ ಬೇಡ.

೫ ನವೆಂಬರ್, ಸಂಜೆ

ಹೊಲಕ್ಕೆ ಹೋಗಿ ಬಂದೆ. ನನ್ನ ಪಾಲಿನಲ್ಲಿ ಕಲ್ಲಿಲ್ಲ. ಒಂದೂ ಇಲ್ಲ. ಬದುವಿನ ಆಚೆ, ಮೈದುನ ಯಮನೂರನ ಪಾಲಿನಲ್ಲಿ ನಿಂತಿದೆ. ಬಿಳಿ ಬಣ್ಣ, ಕೆಂಪು ನಂಬರು. ಸ್ವಲ್ಪ ವಾಲಿದೆ. ಕಾಲಿನಿಂದ ಒತ್ತಿ ನೋಡಿದೆ, ಅಲುಗಾಡಿತು. ಸರಕಾರದವರು ನೆಟ್ಟ ಕಲ್ಲು ಹೀಗೆ ಅಲುಗುತ್ತದೆಯೇ?

ಎರಡು ಪಾಲೂ ಒಂದಕ್ಕೊಂದು ಹತ್ತಿಕೊಂಡು ಉದ್ದಕ್ಕೆ ಇವೆ. ಹಳಿಯೂ ಉದ್ದಕ್ಕೇ ಬರುವುದು. ಅವನ ಕಡೆ ಹೋದರೆ ನನ್ನ ಕಡೆ ಇಲ್ಲ.

ಪಕ್ಕದ ಹೊಲದ ಮದರಬಿ ಹತ್ತಿ ಬಿಡಿಸುತ್ತಿದ್ದಳು. ಕೇಳಿದೆ. ಸುತ್ತ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು —

"ನಾ ದೂರಿಂದ ನೋಡೀನಿ ಟೀಚರ. ಮೊದಲ ನಿಮ್ಮ ಪಾಲಿನ್ಯಾಗ ಹುಗದಿದ್ರು. ಮರುದಿನ ನೋಡಿದ್ರ ಆ ಕಡೆ ಇತ್ತು. ನನ್ನ ಹೆಸರು ಹೇಳಬ್ಯಾಡ್ರಿ ಮತ್ತ."

ಯಮನೂರನಿಗೂ ಮಗಳಿದ್ದಾಳೆ. ಪೂಜಾ, ಬಿ.ಕಾಂ. ಎಲ್ಲ ಅರ್ಥವಾಯಿತು.

೭ ನವೆಂಬರ್

ರೇಷ್ಮಾ ಮೊಬೈಲಿನಲ್ಲಿ ಟ್ರಾಮಿನ ವಿಡಿಯೋ ತೋರಿಸಿದಳು. ಹಿಂದೆ ಮುಂಬಯಿಯಲ್ಲಿ ಕುದುರೆಗಳು ಎಳೆಯುತ್ತಿದ್ದವಂತೆ, ಆಮೇಲೆ ಕರೆಂಟು ಬಂತು. ಲೈಟ್ ರೇಲು ಅದರ ಮೊಮ್ಮಗಳು ಅನ್ನುತ್ತಾಳೆ. ಎರಡೋ ಮೂರೋ ಡಬ್ಬಿ, ಮೇಲೆ ತಂತಿ, ಬಸ್ಸಿನ ಹಾಗೆ ಹತ್ತಿರ ಹತ್ತಿರ ಸ್ಟಾಪು. ಸ್ಟೇರಿಂಗ್ ಇಲ್ಲ. ಒಂದೇ ಹಿಡಿಕೆ — ಮುಂದೆ ದೂಡಿದರೆ ಓಡುತ್ತದೆ, ಹಿಂದೆ ಎಳೆದರೆ ನಿಲ್ಲುತ್ತದೆ. ಡ್ರೈವರ್ ಹೆಂಗಸು. ಕಣ್ಣಿಗೆ ಕಪ್ಪು ಕನ್ನಡಕ. ರೇಷ್ಮಾ ಅದೊಂದನ್ನೇ ಮತ್ತೆ ಮತ್ತೆ ಹಾಕಿ ನೋಡಿದಳು.

ಕಲ್ಲಿನ ವಿಷಯ ಅವಳಿಗೆ ಹೇಳಿಲ್ಲ. ಕಾಕಾ ಅಂದರೆ ಜೀವ ಬಿಡುತ್ತಾಳೆ. ಹೋಗಿ ಅವನಿಗೇ ಅಂದುಬಿಟ್ಟರೆ?

೯ ನವೆಂಬರ್, ಶನಿವಾರ

ಇನ್ನೊಂದು ಸಂಗತಿ. ತೀರಿಹೋದ ನಮ್ಮ ಮನೆಯವರ ಗದ್ದುಗೆ ಹೊಸದಾಗಿ ಮೆತ್ತಿದ್ದಾರೆ. ಇವರನ್ನು ನನ್ನ ಪಾಲಿನ ಹೊಲದಲ್ಲೇ ಮಣ್ಣು ಮಾಡಿದ್ದು. ಎರಡು ಮಳೆಗಾಲಕ್ಕೆ ಮಣ್ಣು ಕುಸಿದು, ಗೊತ್ತಿಲ್ಲದವರು ಬದುವೆಂದು ತುಳಿದು ಹೋಗುವ ಹಾಗಾಗಿತ್ತು. ಈಗ ಎತ್ತರ ಮಾಡಿ, ಸಗಣಿ ಸಾರಿಸಿ, ಸುತ್ತ ಸುಣ್ಣ ಹೊಯ್ದಿದ್ದಾರೆ. ಯಮನೂರನ ಕೆಲಸ. ಮದರಬಿ ನೋಡಿದ್ದಾಳೆ.

ಎರಡು ವರ್ಷ ಅಣ್ಣನ ನೆನಪಾಗದವನಿಗೆ ಈಗ ಸುಣ್ಣ ನೆನಪಾಯಿತು. ಕದ್ದವನಿಗೆ ದೇವರ ಭಯ ಇರುತ್ತದೆ, ಅದಕ್ಕೇ ಇರಬೇಕು. ಸಿಟ್ಟು ಬಂತು. ಅಳುವೂ ಬಂತು. ಅಲ್ಲಿ ಅಳಲಿಲ್ಲ, ಮನೆಗೆ ಬಂದು ಅತ್ತೆ.

೧೨ ನವೆಂಬರ್

ಯಮನೂರ ಮನೆಗೆ ಬಂದಿದ್ದ. ಪಾಲಾದ ಮೇಲೆ ಮೊದಲ ಸಲ. ಬಾಗಿಲಲ್ಲೇ ನಿಂತ. ಚಪ್ಪಲಿ ಬಿಡಲೋ ಬೇಡವೋ ಎಂದು ನೋಡುತ್ತಿದ್ದ. ಒಳಗೆ ಬಾ ಅನ್ನಲಿಲ್ಲ ನಾನು.

"ವೈನೀ, ಆ ಕಲ್ಲು ಇದ್ದಲ್ಲೇ ಇರ್ಲಿ. ಯಾರೂ ಬಾಯಿ ಬಿಡೂದು ಬ್ಯಾಡ. ಯಾಕಂದ್ರ..."

ಯಾಕೆಂದು ನನಗೆ ಗೊತ್ತಿದೆ ಎಂದೆ. ನಿನ್ನ ಮಗಳಿಗೆ ಮಾತ್ರ ಹೊಟ್ಟೆ ಇದೆಯಾ ಎಂದೂ ಕೇಳಿದೆ. ಬಾಯಿ ತೆರೆದ, ಮುಚ್ಚಿದ, ಹೋದ. ಉತ್ತರ ಇದ್ದವನು ನಿಂತು ಹೇಳುತ್ತಾನೆ.

೨ ಡಿಸೆಂಬರ್, ಸೋಮವಾರ

ಮಾಮಲೇದಾರ ಕಚೇರಿಗೆ ಹೋಗಿ ತಕರಾರು ಅರ್ಜಿ ಕೊಟ್ಟು ಬಂದೆ. ಇಷ್ಟು ದಿನ ತಡೆದದ್ದೇ ಹೆಚ್ಚು. ಮೊನ್ನೆ ಗೊತ್ತಾಯಿತು, ಪೂಜಾಳನ್ನು ಹುಬ್ಬಳ್ಳಿಗೆ ಕೋಚಿಂಗಿಗೆ ಹಚ್ಚಿದ್ದಾನೆ. ಬ್ಯಾಂಕಿನ ಪರೀಕ್ಷೆಗೆ ಅಂತೆ. ಬ್ಯಾಂಕು! ರೇಲಿನ ನೌಕರಿಗೇ ಇರಬೇಕು.

ಕಚೇರಿಯ ಗುಮಾಸ್ತ ಅರ್ಜಿ ಓದಿ ನನ್ನ ಮುಖ ನೋಡಿದ. ಕಲ್ಲು ಕಿತ್ತದ್ದು ರುಜುವಾತಾದರೆ ಕೇಸು ಆಗುತ್ತದೆ, ಮನೆಯವರೊಳಗೇ ಮುಗಿಸಿಕೊಳ್ಳಬಾರದೇ ಎಂದ. ಯಮನೂರ ಇವನಿಗೂ ಮೊದಲೇ ಹೇಳಿಟ್ಟಿರಬಹುದು. ಸಹಿ ಮಾಡಿದೆ.

೩೦ ಡಿಸೆಂಬರ್

ಎಳ್ಳಮಾವಾಸ್ಯೆ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವುದಕ್ಕೆ ಎರಡೂ ಮನೆಯವರು ಹೊಲದಲ್ಲೇ. ಬದುವಿನ ಆ ಕಡೆ ಅವರು, ಈ ಕಡೆ ನಾವು. ರೇಷ್ಮಾ ನಡುವೆ ಓಡಾಡುತ್ತ ಅವರ ಸಜ್ಜಿ ರೊಟ್ಟಿ ಇಲ್ಲಿಗೆ, ನಮ್ಮ ಕಡಬು ಅಲ್ಲಿಗೆ. ಕಣ್ಣು ಬಿಟ್ಟೆ, ಕೇಳಲಿಲ್ಲ.

ಯಮನೂರ ಚರಗ ಚೆಲ್ಲುವ ಮೊದಲು ಗದ್ದುಗೆಗೆ ಎಡೆ ಇಟ್ಟ. ನನ್ನ ಹೊಲದಲ್ಲಿ, ನನ್ನನ್ನು ಕೇಳದೆ. ಅತ್ತೆ ಕರೆವ್ವ ಅವನ ಮನೆಯಲ್ಲೇ ಇರುವುದು. ಹತ್ತಿರ ಬಂದು ನನ್ನ ಕೈ ಹಿಡಿದು, ಅರ್ಜಿ ವಾಪಸ್ ತಗೋ ಪುಷ್ಪಾ, ನಿನ್ನ ಗಂಡನ ಸಲುವಾಗಿ ಹೇಳ್ತೀನಿ ಎಂದರು. ಗಂಡನ ಹೆಸರು ಯಾಕೆ ಎಳೆಯುತ್ತೀರಿ, ನಿಮ್ಮ ಮಗನ ಹೆಸರು ಹೇಳಿ ಎಂದೆ. ಅವನೂ ನನ್ನ ಮಗನೇ ಎಂದರು. ಹೌದು. ಆದರೆ ಊಟ ಹಾಕುವ ಮಗನ ಕಡೆಗೇ ವಾಲುತ್ತಾರೆ, ಎಲ್ಲ ತಾಯಂದಿರೂ.

ಕಡಬು ಚೆನ್ನಾಗಿ ಆಗಿತ್ತು. ಅರ್ಧ ತಿಂದು ಉಳಿದದ್ದು ಕಾಗೆಗೆ ಹಾಕಿದೆ.

೨೦ ಜನವರಿ ೨೦೨೫

ನಾಳೆ ಮರು ಮೋಜಣಿ. ನೋಟೀಸು ಬಂದಿದೆ. ರೇಷ್ಮಾಗೆ ಕೊನೆಗೆ ಹೇಳಿದೆ. ಕಾಕಾ ಹಂಗ ಮಾಡೂ ಮನಿಷಾ ಅಲ್ಲವ್ವ ಎಂದಳು. ಲೋಕ ತಿಳಿಯದ ಹುಡುಗಿ.

೨೧ ಜನವರಿ, ಮಂಗಳವಾರ

ಬರೆಯಬೇಕು. ಆದ ಹಾಗೇ ಬರೆಯಬೇಕು.

ಹತ್ತು ಗಂಟೆಗೆ ಬಂದರು. ಸಾಹೇಬ, ಮೂರು ಕಾಲಿನ ಯಂತ್ರ, ಕೋಲು ಹಿಡಿದ ಇಬ್ಬರು. ನಕಾಶೆ ಬಿಚ್ಚಿದರು. ಯಮನೂರನ ಕಲ್ಲಿನ ಹತ್ತಿರ ಯಂತ್ರ ಇಟ್ಟು ನೋಡಿ, ತಪ್ಪು ಎಂದರು. ಬದು ದಾಟಿ ನನ್ನ ಪಾಲಿಗೆ ಬಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ — ರೇಷ್ಮಾಳ ತೋಳು ಹಿಡಿದು ಗಟ್ಟಿಯಾಗಿ ಒತ್ತಿದೆ. ನೋಡು ಎಂದೆ.

ಕೋಲಿನವನು ನಡೆಯುತ್ತಾ ಹೋದ. ಇಲ್ಲಿ ಎಂದುಕೊಂಡೆ. ನಿಲ್ಲಲಿಲ್ಲ. ಸಾಹೇಬ ಕೈ ಮಾಡುತ್ತಾ ಇನ್ನೂ ಎಡಕ್ಕೆ, ಇನ್ನೂ ಸ್ವಲ್ಪ ಅನ್ನುತ್ತಿದ್ದರು. ಅವನು ಗದ್ದುಗೆ ಹತ್ತಿದ. ಚಪ್ಪಲಿ ಹಾಕಿಕೊಂಡೇ. ನಡುಮಧ್ಯೆ ಕೋಲು ಊರಿದ. ಓಕೆ ಎಂದರು ಸಾಹೇಬ.

ಯಮನೂರ ಗದ್ದುಗೆಯ ಬುಡದಲ್ಲಿ ಕುಳಿತುಬಿಟ್ಟ.

"ನಾನs ಕಿತ್ತೀನ್ರಿ ಸಾಹೇಬ್ರ. ಅಣ್ಣನ ಎದಿ ಮ್ಯಾಲ ಹುಗದಿದ್ರು. ಇಲ್ಲಿ ಮಣ್ಣು ಮಾಡೇವಿ ಅಂತ ಹೇಳೀದ್ನಿ, ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ನನ್ನ ಹೊಲಾ ತಗೋರಿ ಅಂತ ನನ್ನ ಕಡೆ ಹುಗದ್ನಿ."

ಸಾಹೇಬರು ಕೆಟ್ಟವರಲ್ಲ. ಟೋಪಿ ತೆಗೆದರು. ಕೋಲಿನವನನ್ನು ಕೆಳಗೆ ಇಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು — ಹಳಿ ಅಷ್ಟು ಹೊರಳುವುದು ನಮಗೂ ನಡೆಯುತ್ತಿತ್ತು ಬಾಯಾರ, ಇದ್ದ ಕಲ್ಲು ಹಿಡಿದೇ ಮುಂದೆ ಹೋಗುತ್ತಿದ್ದೆವು. ತಕರಾರು ಬಂದ ಮೇಲೆ ಮೂಲ ನಕಾಶೆಯನ್ನೇ ಹಿಡಿಯಬೇಕು. ಈಗ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಕೈ ಮುಗಿದೆ. ವರದಿ ಆಗಿದೆ ಎಂದರು. ನೌಕರಿ ಎಂದು ರೇಷ್ಮಾಳನ್ನು ಮುಂದೆ ದೂಡಿದ್ದೆನಲ್ಲ, ಅದಕ್ಕೂ ಉತ್ತರ ಕೊಟ್ಟರು. ಅಂಥ ಆದೇಶ ಯಾವುದೂ ಇಲ್ಲವಂತೆ.

ಯಮನೂರನನ್ನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ಹೇಳಾಕ ಬಂದಿದ್ನೆಲ್ಲ ವೈನಿ."

ರೇಷ್ಮಾ ಕಾಕಾನ ಪಕ್ಕ ಕೂತಳು. ನನ್ನ ಕಡೆ ನೋಡಲಿಲ್ಲ.

೨೬ ಜನವರಿ, ಭಾನುವಾರ

ಬಾವುಟ ಹಾರಿಸಿ ಬಂದೆ. ಮಕ್ಕಳಿಗೆ ಲಾಡು. ಯಮನೂರನ ಮೇಲೆ ಕೇಸು ಆಗುವುದಿಲ್ಲವಂತೆ, ದಂಡ ಕಟ್ಟಿದರೆ ಸಾಕಂತೆ. ಅವನೇ ಹೇಳಿ ಕಳಿಸಿದ, ನಾನು ಗಾಬರಿಯಾಗದಿರಲಿ ಎಂದು.

ಮಧ್ಯಾಹ್ನ ತಾನೇ ಬಂದ. ಒಳಗೆ ಬಾ ಎಂದೆ. ಬಂದ, ನೀರು ಕುಡಿದ. ಹೊಲ ಅಗೆಯುವ ಮಶಿನ್ ಬರುವ ಮೊದಲು ಅಣ್ಣನನ್ನು ಗದ್ದುಗೆಯಿಂದ ತೆಗೆದು ತನ್ನ ಪಾಲಿಗೆ ತಂದುಕೊಳ್ಳೋಣ ಎಂದ. ಸ್ವಾಮಿಗಳನ್ನು ಕೇಳಿದ್ದಾನೆ. ಇಂಥದಕ್ಕೆ ಮೊದಲ ಗುದ್ದಲಿ ಹೆಂಡತಿಯೇ ಹಾಕಬೇಕಂತೆ. ನೀವು ಹೂಂ ಅಂದರೆ ನಾಳೆಯೇ ಎಂದ.

ಹೂಂ ಅಂದೆ. ಅವನು ಹೋದ ಮೇಲೆ ಗುದ್ದಲಿ ಹುಡುಕಿದೆ. ನಮ್ಮ ಮನೆಯಲ್ಲಿ ಇಲ್ಲ, ಪಾಲಿನಲ್ಲಿ ಅವನ ಕಡೆ ಹೋಗಿತ್ತು. ಹೋಗಿ ಕೇಳಬೇಕು.

೨೭ ಜನವರಿ, ಬೆಳಿಗ್ಗೆ

ಹೊರಗೆ ಎಲ್ಲರೂ ಬಂದಿದ್ದಾರೆ. ಅತ್ತೆಯೂ. ರೇಷ್ಮಾ ಕರೆಯುತ್ತಿದ್ದಾಳೆ, ಆರು ದಿನದ ಮೇಲೆ ಮೊದಲ ಸಲ ಅವ್ವಾ ಅನ್ನುತ್ತಿದ್ದಾಳೆ. ಏಳಬೇಕು. ಮಣ್ಣಿನೊಳಗಿರುವ ಇವರಿಗೆ ನಾನು ಏನೆಂದು ಹೇಳಿ ಗುದ್ದಲಿ ಹಾಕಲಿ?